ಊರಿನ ಯುದ್ಧಕ್ಕೆ ಹೊರನಾಡಿನ ವಂತಿಗೆ

1986ರ ಆಗಸ್ಟ್. ಕೆನಡಾದ ಪೂರ್ವ ತುದಿಯಲ್ಲಿರುವ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರಿಗೆ ಮಂಜು ಮುಸುಕಿದ ಅಟ್ಲಾಂಟಿಕ್ ಕಡಲಲ್ಲಿ ಎರಡು ಲೈಫ್‌ಬೋಟ್‌ಗಳು ಕಣ್ಣಿಗೆ ಬಿದ್ದವು. ಅವುಗಳ ತುಂಬ ಚಳಿಗೆ ಮುದುಡಿ, ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತಿದ್ದ ಜನ. ಒಟ್ಟು 155 ಮಂದಿ, ಎಲ್ಲರೂ ಶ್ರೀಲಂಕಾದ ತಮಿಳರು. ಜರ್ಮನಿಯಿಂದ ಹಡಗು ಹತ್ತಿಸಿಕೊಂಡು ಬಂದವರು ನಡುಗಡಲಲ್ಲಿ ಅವರನ್ನು ದೋಣಿಗಿಳಿಸಿ ಹೊರಟುಹೋಗಿದ್ದರು. ಮೀನುಗಾರರು ಅವರನ್ನು ಕಾಪಾಡಿದರು. ಕೆನಡಾ ಸರ್ಕಾರ ಉಳಿದುಕೊಳ್ಳಲು ಅನುಮತಿ ಕೊಟ್ಟಿತು.

ಹೀಗೆ ಕಡಲು ದಾಟಿದವರು, ಸುಳ್ಳು ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತಿದವರು, ಪೂರ್ವ ಬರ್ಲಿನ್ ದಾಟಿ ಪಶ್ಚಿಮಕ್ಕೆ ನುಸುಳಿದವರು ಟೊರಾಂಟೊದ ಸ್ಕಾರ್ಬರೊ, ಲಂಡನ್ನಿನ ಈಸ್ಟ್ ಹ್ಯಾಮ್, ಪ್ಯಾರಿಸ್ಸಿನ ಲಾ ಶಾಪೆಲ್, ಓಸ್ಲೊ, ಜ್ಯೂರಿಕ್ ನಗರಗಳಲ್ಲಿ ನೆಲೆ ನಿಂತರು. ಹೋಟೆಲುಗಳಲ್ಲಿ ಪಾತ್ರೆ ತೊಳೆದರು, ಕಾರ್ಖಾನೆಗಳಲ್ಲಿ ರಾತ್ರಿಪಾಳಿ ಮಾಡಿದರು, ಪೆಟ್ರೋಲ್ ಬಂಕ್‌ಗಳಲ್ಲಿ ನಿಂತರು. ದುಡಿದದ್ದರಲ್ಲಿ ಒಂದು ಪಾಲು ಊರಿಗೆ ಹೋಯಿತು. ಅದರಿಂದ ಅಮ್ಮನ ಔಷಧಿ ಬಂತು, ತಂಗಿಯ ಮದುವೆಯಾಯಿತು, ತಮ್ಮನನ್ನು ಕರೆಸಿಕೊಳ್ಳಲು ಏಜೆಂಟನಿಗೆ ಕೊಡಬೇಕಾದ ಹಣ ಹೊಂದಿತು. ಇನ್ನೊಂದು ಪಾಲು ಬಂದೂಕಿಗೆ, ಶೆಲ್ಲಿಗೆ, ಹಡಗಿಗೆ ಹೋಯಿತು.

ಊರು ಬಿಟ್ಟವರು ಊರಿನ ಜಗಳವನ್ನು ಬಿಟ್ಟಿರುವುದಿಲ್ಲ. ಐರ್ಲೆಂಡಿನವರು, ಕೊಸೊವೊದವರು, ಎರಿಟ್ರಿಯಾದವರು, ನಮ್ಮದೇ ಪಂಜಾಬಿನಿಂದ ಹೋದವರು, ಯಾರ ಇತಿಹಾಸ ತೆಗೆದರೂ ಇದು ಕಾಣುತ್ತದೆ. ದೂರದಲ್ಲಿರುವ ಸಮುದಾಯ ತಾಯ್ನಾಡಿನ ಸಂಘರ್ಷಕ್ಕೆ ಹಣ ಕೊಡುತ್ತದೆ, ಮಾತು ಕೊಡುತ್ತದೆ, ಪರದೇಶದ ಸರ್ಕಾರದ ಬಾಗಿಲು ತಟ್ಟುತ್ತದೆ. ಅದರಿಂದ ಯುದ್ಧ ಉದ್ದವಾಗಲೂಬಹುದು, ಸತ್ತವರಿಗೆ ನ್ಯಾಯ ಸಿಗುವ ದಾರಿ ತೆರೆಯಲೂಬಹುದು. ಯಾವುದು ಯಾವಾಗ ಆಗುತ್ತದೆ ಎಂಬುದನ್ನು ತಿಳಿಯಲು ಲಂಕೆಯ ತಮಿಳರ ಕಥೆಗಿಂತ ದೊಡ್ಡ ಪಾಠ ಈಚಿನ ಇತಿಹಾಸದಲ್ಲಿ ನನಗೆ ಕಂಡಿಲ್ಲ.

ಓಡಿಸಿದ ವರ್ಷಗಳು

ಲಂಕೆಯ ಉತ್ತರ ತುದಿಯ ಜಾಫ್ನಾದ ತಮಿಳರಿಗೆ ಹೊರದೇಶದ ದುಡಿಮೆ ಹೊಸದಾಗಿರಲಿಲ್ಲ. ಬ್ರಿಟಿಷರ ಕಾಲದಲ್ಲೇ ಇಂಗ್ಲಿಷ್ ಕಲಿತ ಜಾಫ್ನಾದ ಗಂಡಸರು ಮಲಯಾಕ್ಕೆ ಹೋಗಿ ರೈಲ್ವೆಯಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾಗಿ ದುಡಿದು ಮನಿಯಾರ್ಡರ್ ಕಳಿಸುತ್ತಿದ್ದರು. ನಿವೃತ್ತರಾದ ಮೇಲೆ ಪಿಂಚಣಿಯೊಡನೆ ಊರಿಗೆ ಮರಳುತ್ತಿದ್ದರು. ನೀರು ಕಡಿಮೆ, ನೆಲ ಕಡಿಮೆ ಇರುವ ಆ ಪರ್ಯಾಯದ್ವೀಪದಲ್ಲಿ ಓದೇ ಆಸ್ತಿ, ಸರ್ಕಾರಿ ನೌಕರಿಯೇ ಬೆಳೆ.

ಸ್ವಾತಂತ್ರ್ಯ ಬಂದ ಮೇಲೆ ಆ ಆಸ್ತಿಗೇ ಕೈ ಬಿತ್ತು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾನೂನು ಬಂತು. 1970ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯ ಪ್ರವೇಶದ ನಿಯಮ ಬದಲಾಗಿ ತಮಿಳು ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದರಷ್ಟೇ ಸೀಟು ಎಂಬಂತಾಯಿತು. 1976ರಲ್ಲಿ ತಮಿಳು ಪಕ್ಷಗಳು ವಡ್ಡುಕೋಟ್ಟೈಯಲ್ಲಿ ಸೇರಿ ಪ್ರತ್ಯೇಕ ಈಳಂ ರಾಷ್ಟ್ರದ ನಿರ್ಣಯ ಮಾಡಿದವು. 1981ರ ಮೇ 31ರ ರಾತ್ರಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಇಟ್ಟರು. ಓಲೆಗರಿಗಳೂ ಸೇರಿ ಸುಮಾರು 97 ಸಾವಿರ ಪುಸ್ತಕಗಳು ಸುಟ್ಟುಹೋದವು.

ಕೊನೆಯ ಪೆಟ್ಟು 1983ರ ಜುಲೈ. 23ರ ರಾತ್ರಿ, ಪ್ರತ್ಯೇಕ ಈಳಂಗಾಗಿ ಬಂದೂಕು ಹಿಡಿದಿದ್ದ ತಮಿಳು ಹುಲಿಗಳ ಸಂಘಟನೆಯಾದ ಎಲ್‌ಟಿಟಿಇ ಹೊಂಚುದಾಳಿಯಲ್ಲಿ 13 ಸೈನಿಕರು ಸತ್ತರು. ಮರುದಿನದಿಂದ ಕೊಲಂಬೊದಲ್ಲಿ ಗುಂಪುಗಳು ತಮಿಳರ ಮನೆ, ಅಂಗಡಿಗಳನ್ನು ಹುಡುಕಿ ಹುಡುಕಿ ಸುಟ್ಟವು. ಗುಂಪಿನವರ ಕೈಯಲ್ಲಿ ಮತದಾರರ ಪಟ್ಟಿ ಇತ್ತು. ವೆಲಿಕಡ ಜೈಲಿನಲ್ಲಿ 53 ತಮಿಳು ಕೈದಿಗಳನ್ನು ಕೊಂದರು. ಸತ್ತವರ ಅಂದಾಜು ನಾಲ್ಕುನೂರರಿಂದ ಮೂರು ಸಾವಿರದವರೆಗೆ ಇದೆ. ಅದಾದ ಮೇಲೆ ಊರು ಬಿಟ್ಟವರು ಉದ್ಯೋಗ ಹುಡುಕಿ ಹೊರಟವರಲ್ಲ, ಜೀವ ಉಳಿಸಿಕೊಳ್ಳಲು ಓಡಿದವರು. ಇಂದು ಪಶ್ಚಿಮದ ದೇಶಗಳಲ್ಲಿರುವ ಲಂಕೆಯ ತಮಿಳರ ಸಂಖ್ಯೆಯ ಅಂದಾಜು ಏಳೆಂಟು ಲಕ್ಷದ ಆಸುಪಾಸಿನಲ್ಲಿದೆ.

ಇಷ್ಟನ್ನು ಮೊದಲು ಹೇಳಲೇಬೇಕು. ‘ಹೊರದೇಶದಲ್ಲಿ ಬೆಚ್ಚಗೆ ಕೂತು ಇಲ್ಲಿ ಬೆಂಕಿ ಹಚ್ಚುತ್ತಾರೆ’ ಎಂದು ಸರ್ಕಾರಗಳು ದೂರುವಾಗ, ಅವರನ್ನು ಹೊರದೇಶಕ್ಕೆ ಅಟ್ಟಿದವರು ಯಾರು ಎಂಬ ಪ್ರಶ್ನೆ ಮುಚ್ಚಿಹೋಗುತ್ತದೆ. ಮನೆ ಸುಡುವುದನ್ನು ಕಣ್ಣಾರೆ ಕಂಡು ಓಡಿದವರ ಎದೆಯಲ್ಲಿ ಆ ಬೆಂಕಿ ಆರದೆ ಉಳಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಬಾಗಿಲಿಗೆ ಬಂದವರು

ಆ ಬೆಂಕಿಯನ್ನು ಎಲ್‌ಟಿಟಿಇ ಬಹಳ ವ್ಯವಸ್ಥಿತವಾಗಿ ಬಳಸಿಕೊಂಡಿತು.

ಹೊರನಾಡ ತಮಿಳರಲ್ಲಿ ಊರಿಗೊಂದು ಸಂಘ, ಶಾಲೆಗೊಂದು ಹಳೆ ವಿದ್ಯಾರ್ಥಿ ಸಂಘ. ಪುಂಗುಡುತೀವಿನವರಿಗೆ ಒಂದು, ವಲ್ವೆಟ್ಟಿತುರೈನವರಿಗೆ ಇನ್ನೊಂದು. ಭಾನುವಾರದ ತಮಿಳು ಪಾಠಶಾಲೆ, ಮುರುಗನ ಗುಡಿ, ಕ್ರೀಡಾಕೂಟ, ಟಿ.ವಿ. ವಾಹಿನಿ, ರೇಡಿಯೊ ಎಲ್ಲವೂ ಇದ್ದವು. ಪರದೇಶದಲ್ಲಿ ಒಂಟಿಯಾದವರಿಗೆ ಇವೇ ಆಸರೆ. ಕಾಲಕ್ರಮದಲ್ಲಿ ಇವುಗಳಲ್ಲಿ ಅನೇಕವು ಸಂಘಟನೆಯ ಹಿಡಿತಕ್ಕೆ ಹೋದವು. ಮಗುವಿಗೆ ತಮಿಳು ಕಲಿಸಲು ಹೋದ ಕಡೆಯೇ ವಂತಿಗೆಯ ರಸೀತಿ ಪುಸ್ತಕವೂ ಎದುರಾಗುತ್ತಿತ್ತು.

ಹಣ ಕಳಿಸಲು ‘ಉಂಡಿಯಲ್’ ಎಂಬ ಪದ್ಧತಿ ಇತ್ತು, ನಮ್ಮ ಹವಾಲಾದ ಹಾಗೆ. ಸ್ಕಾರ್ಬರೊದ ಒಂದು ದಿನಸಿ ಅಂಗಡಿಯಲ್ಲಿ ಡಾಲರ್ ಕೊಟ್ಟರೆ ಜಾಫ್ನಾದ ಮನೆ ಬಾಗಿಲಿಗೆ ಅಲ್ಲಿನ ವ್ಯಾಪಾರಿ ರೂಪಾಯಿ ತಲುಪಿಸುತ್ತಿದ್ದ. ಬ್ಯಾಂಕು ಮುಚ್ಚಿದ್ದರೂ ರಸ್ತೆ ಕಡಿದಿದ್ದರೂ ಹಣ ನಿಲ್ಲುತ್ತಿರಲಿಲ್ಲ. ಯುದ್ಧದ ವರ್ಷಗಳಲ್ಲಿ ಜಾಫ್ನಾದ ಸಾವಿರಾರು ಒಲೆಗಳು ಉರಿದದ್ದು ಇದರಿಂದ. ಅನ್ನದ ಹಣವೂ ಆಯುಧದ ಹಣವೂ ಒಂದೇ ಬಗೆಯ ದಾರಿಗಳಲ್ಲಿ ಹರಿದದ್ದರಿಂದ, ಯಾವುದು ಯಾವುದೆಂದು ಬಿಡಿಸಿ ಹೇಳುವುದು ಯಾವ ದೇಶದ ಪೊಲೀಸರಿಗೂ ಸುಲಭವಾಗಲಿಲ್ಲ.

ಪ್ರೀತಿಯಿಂದ ಕೊಟ್ಟವರು ಬಹಳ. ಹೆದರಿ ಕೊಟ್ಟವರೂ ಬಹಳ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2006ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿ ಈ ವಸೂಲಿಯನ್ನು ವಿವರವಾಗಿ ದಾಖಲಿಸಿತು. ‘ಕೊನೆಯ ಯುದ್ಧ’ಕ್ಕೆಂದು ಟೊರಾಂಟೊದಲ್ಲಿ ಒಂದು ಕುಟುಂಬಕ್ಕೆ 2,500ರಿಂದ 5,000 ಕೆನಡಾ ಡಾಲರ್ ಕೇಳುತ್ತಿದ್ದರು. ವ್ಯಾಪಾರಿಗಳಾದರೆ ಒಂದು ಲಕ್ಷ ಡಾಲರ್‌ವರೆಗೂ ಹೋಗುತ್ತಿತ್ತು. ಇಬ್ಬರು ಮೂವರು ಮನೆಗೆ ಬಂದು ಕೂರುತ್ತಿದ್ದರು, ಕೈಯಲ್ಲಿ ಹಣವಿಲ್ಲವೆಂದರೆ ಸಾಲ ಮಾಡಿ ಕೊಡಿ ಎನ್ನುತ್ತಿದ್ದರು. ಕೊಟ್ಟವರಿಗೆ ಒಂದು ಪಿನ್ ಸಂಖ್ಯೆ ಸಿಗುತ್ತಿತ್ತು. ಊರು ನೋಡಲು ಹೋದಾಗ ಎಲ್‌ಟಿಟಿಇ ಹಿಡಿತದ ವನ್ನಿ ಪ್ರದೇಶ ದಾಟುವಾಗ ಆ ಸಂಖ್ಯೆ ಹೇಳಬೇಕು. ಸಂಖ್ಯೆ ಇಲ್ಲದಿದ್ದರೆ ಬಾಕಿ ಎಷ್ಟೆಂದು ಅಲ್ಲೇ ಲೆಕ್ಕ. ತಾಯಿಯ ಮುಖ ನೋಡಲು ಹೋಗುವವನು ಕೊಡುವುದಿಲ್ಲ ಎಂದು ಹೇಳುವುದಾದರೂ ಹೇಗೆ?

ರಕ್ಷಣಾ ವಿಷಯಗಳ ಪತ್ರಿಕೆ ಜೇನ್ಸ್ 2007ರಲ್ಲಿ ಎಲ್‌ಟಿಟಿಇಯ ವಾರ್ಷಿಕ ಆದಾಯವನ್ನು 20ರಿಂದ 30 ಕೋಟಿ ಡಾಲರ್ ಎಂದು ಅಂದಾಜಿಸಿತ್ತು. ‘ಕೆ.ಪಿ.’ ಎಂದೇ ಹೆಸರಾದ ಕುಮರನ್ ಪದ್ಮನಾಥನ್ ಆಗ್ನೇಯ ಏಷ್ಯಾದಲ್ಲಿದ್ದುಕೊಂಡು ಈ ಹಣವನ್ನು ಆಯುಧವಾಗಿ ಬದಲಿಸುತ್ತಿದ್ದ. ಸಂಘಟನೆಗೆ ಸ್ವಂತ ಹಡಗುಗಳಿದ್ದವು. ಆಯುಧ ತುಂಬಿಕೊಂಡು ಅವು ಆಳಸಮುದ್ರದಲ್ಲಿ ಕಾಯುತ್ತಿದ್ದವು. 2007ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಲಂಕೆಯ ನೌಕಾಪಡೆ ದ್ವೀಪದಿಂದ ಬಹುದೂರ ಹೋಗಿ ಅವುಗಳನ್ನು ಮುಳುಗಿಸಿದ್ದು ಯುದ್ಧದ ದಿಕ್ಕನ್ನೇ ಬದಲಿಸಿತು. ಹೊರನಾಡಿನ ಹಣಕ್ಕೂ ವನ್ನಿಯ ಬಂದೂಕಿಗೂ ನಡುವಿನ ಕೊಂಡಿ ಕಡಿದ ಮೇಲೆ ಎಲ್‌ಟಿಟಿಇ ಎರಡು ವರ್ಷ ಕೂಡ ಉಳಿಯಲಿಲ್ಲ.

ಹಣದ ಜೊತೆಗೆ ಮೌನವನ್ನೂ ವಸೂಲಿ ಮಾಡಿದರು. ಪ್ಯಾರಿಸ್ಸಿನಲ್ಲಿದ್ದ ತಮಿಳು ಬರಹಗಾರ ಸಬಾರತ್ನಂ ಸಬಾಲಿಂಗಂ ಎಲ್‌ಟಿಟಿಇಯನ್ನು ಟೀಕಿಸುತ್ತಿದ್ದರು. 1994ರ ಮೇ 1ರಂದು ಅವರನ್ನು ಅಲ್ಲಿನ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಲಂಕೆಯ ಸೈನ್ಯದಿಂದ ತಪ್ಪಿಸಿಕೊಂಡು ಫ್ರಾನ್ಸಿಗೆ ಬಂದವರಿಗೆ ಅಲ್ಲಿಯೂ ತಮ್ಮವರ ಎದುರೇ ಬಾಯಿ ಬಿಡಲಾಗದ ಸ್ಥಿತಿ ಬಂತು. ಇದನ್ನು ನೋಡದೆ, ಹೊರನಾಡ ತಮಿಳರೆಲ್ಲ ಯುದ್ಧ ಬೇಕೆಂದರು ಎನ್ನುವುದು ಅನ್ಯಾಯ. ಬೇಡ ಎಂದವರ ದನಿ ನಮಗೆ ಕೇಳದಂತೆ ಮಾಡಲಾಗಿತ್ತು.

ಹಿಂದಿರುಗಿದ ರಜನಿ

ಆ ದನಿಗಳಲ್ಲಿ ಒಂದನ್ನಾದರೂ ಹತ್ತಿರದಿಂದ ಕೇಳಬೇಕು. ರಜನಿ ತಿರಣಗಾಮ ಜಾಫ್ನಾದ ವೈದ್ಯೆ. ಗಂಡ ಸಿಂಹಳೀಯ, ಎಡಪಂಥೀಯ ಹೋರಾಟಗಾರ. ಅಂಗರಚನಾಶಾಸ್ತ್ರದಲ್ಲಿ ಉನ್ನತ ವ್ಯಾಸಂಗಕ್ಕೆಂದು ರಜನಿ 1983ರಲ್ಲಿ ಇಂಗ್ಲೆಂಡಿಗೆ ಹೋದರು. ಆ ಹೊತ್ತಿಗೆ ಅವರ ಅಕ್ಕ ನಿರ್ಮಲಾ ಭಯೋತ್ಪಾದನೆ ತಡೆ ಕಾಯ್ದೆಯಡಿ ಜೈಲಿನಲ್ಲಿದ್ದರು. ಅಲ್ಲಿ ರಜನಿ ಅಕ್ಕನ ಬಿಡುಗಡೆಗಾಗಿ ಓಡಾಡಿದರು, ತಮಿಳರ ಮೇಲಿನ ದೌರ್ಜನ್ಯವನ್ನು ಜಗತ್ತಿಗೆ ತಿಳಿಸಿದರು, ಎಲ್‌ಟಿಟಿಇಗಾಗಿ ಕೆಲಸ ಮಾಡಿದರು. ಆ ದಿನಗಳಲ್ಲಿ ಸಾವಿರಾರು ಓದಿದ ತಮಿಳರು ಮಾಡಿದ್ದನ್ನೇ ಅವರೂ ಮಾಡಿದರು.

ಆಮೇಲೆ ಬಹಳ ಮಂದಿ ಮಾಡದ ಒಂದು ಕೆಲಸ ಮಾಡಿದರು. ಜಾಫ್ನಾಕ್ಕೆ ಹಿಂದಿರುಗಿದರು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ, ದೂರದಿಂದ ಕಾಣದೇ ಇದ್ದದ್ದನ್ನು ಕಂಡರು. ತಮಿಳು ಸಂಘಟನೆಗಳು ಒಂದನ್ನೊಂದು ಕೊಲ್ಲುತ್ತಿದ್ದವು. ಶಾಲೆಗೆ ಹೋಗಬೇಕಾದ ಹುಡುಗರ ಕುತ್ತಿಗೆಯಲ್ಲಿ ಸಯನೈಡ್ ಇತ್ತು. ಶಾಂತಿ ಕಾಪಾಡಲು ಬಂದ ಭಾರತದ ಸೈನ್ಯವೂ ಜನರನ್ನು ಕೊಂದಿತು, ಹೆಂಗಸರ ಮೇಲೆ ಅತ್ಯಾಚಾರ ಮಾಡಿತು. ರಜನಿ ಗೆಳೆಯರೊಂದಿಗೆ ಸೇರಿ ‘ಮಾನವ ಹಕ್ಕುಗಳಿಗಾಗಿ ವಿಶ್ವವಿದ್ಯಾಲಯ ಅಧ್ಯಾಪಕರು’ ಎಂಬ ತಂಡ ಕಟ್ಟಿ, ಎಲ್ಲರ ತಪ್ಪನ್ನೂ ಒಂದೇ ಅಳತೆಯಲ್ಲಿ ಬರೆದಿಟ್ಟರು. ‘ದಿ ಬ್ರೋಕನ್ ಪಾಮೈರಾ’ ಪುಸ್ತಕ ಅದರ ಫಲ. 1989ರ ಸೆಪ್ಟೆಂಬರ್ 21ರಂದು ಪರೀಕ್ಷೆ ಮುಗಿಸಿ ಸೈಕಲ್‌ನಲ್ಲಿ ಮನೆಗೆ ಬರುತ್ತಿದ್ದಾಗ ಮನೆಯ ಹತ್ತಿರವೇ ಅವರನ್ನು ಗುಂಡಿಟ್ಟು ಕೊಂದರು. ಅವರಿಗೆ 35 ವರ್ಷ. ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಕೊಂದವರು ಎಲ್‌ಟಿಟಿಇಯವರು ಎಂದೇ ಅವರ ಕುಟುಂಬದವರೂ ಸಂಗಾತಿಗಳೂ ಹೇಳುತ್ತಾ ಬಂದಿದ್ದಾರೆ.

ಇಂಗ್ಲೆಂಡಿನಲ್ಲಿದ್ದ ರಜನಿಗೂ ಜಾಫ್ನಾದಲ್ಲಿದ್ದ ರಜನಿಗೂ ಇದ್ದ ವ್ಯತ್ಯಾಸ ಪ್ರೀತಿಯದಲ್ಲ. ತಮಿಳರ ಮೇಲಿನ ಕಾಳಜಿ ಎರಡು ಕಡೆಯೂ ಅಷ್ಟೇ ಇತ್ತು. ಊರಿನಲ್ಲಿ ಮಾತ್ರ ಆ ಕಾಳಜಿಗೆ ದಿನವೂ ಪರೀಕ್ಷೆ. ನಿನ್ನೆ ಪಾಠ ಕೇಳಿದ ಹುಡುಗ ಇಂದು ಹೆಣವಾಗಿ ಬರುತ್ತಾನೆ, ಅವನ ತಾಯಿಗೆ ಉತ್ತರ ಹೇಳಬೇಕು. ಹೊರನಾಡಿನಲ್ಲಿ ಅಂಥ ಪರೀಕ್ಷೆ ಇರುವುದಿಲ್ಲ. ಅಲ್ಲಿ ನವೆಂಬರ್ 27ರ ಮಾವೀರರ ದಿನದಂದು ದೊಡ್ಡ ಸಭಾಂಗಣದಲ್ಲಿ ದೀಪ ಹಚ್ಚುತ್ತಾರೆ, ಸತ್ತವರ ಫೋಟೊಗಳಿಗೆ ಹೂ ಇಡುತ್ತಾರೆ, ಎಲ್‌ಟಿಟಿಇ ನಾಯಕ ಪ್ರಭಾಕರನ್ ಬದುಕಿದ್ದಷ್ಟು ಕಾಲ ಅವನ ಭಾಷಣವನ್ನೂ ಕೇಳುತ್ತಿದ್ದರು. ದುಃಖ ನಿಜವೇ. ಆದರೆ ಮರುದಿನ ಬೆಳಿಗ್ಗೆ ಮಕ್ಕಳು ಸುರಕ್ಷಿತವಾಗಿ ಶಾಲೆಯ ಬಸ್ಸು ಹತ್ತುತ್ತಾರೆ.

ಊರಿನ ಮಕ್ಕಳ ಪಾಡು ಬೇರೆ. ಸರ್ಕಾರ ಮತ್ತು ಎಲ್‌ಟಿಟಿಇ ನಡುವೆ ಆದ 2002ರ ಕದನವಿರಾಮದ ನಂತರದ ಎರಡೂವರೆ ವರ್ಷಗಳಲ್ಲೇ, ಅಂದರೆ ಗುಂಡಿನ ಸದ್ದು ನಿಂತಿದ್ದ ಕಾಲದಲ್ಲೇ, ಎಲ್‌ಟಿಟಿಇ ಮಕ್ಕಳನ್ನು ಸೇರಿಸಿಕೊಂಡ 3,500ಕ್ಕೂ ಹೆಚ್ಚು ಪ್ರಕರಣಗಳನ್ನು ಯುನಿಸೆಫ್ ದಾಖಲಿಸಿತು. ಟೊರಾಂಟೊದ ಮನೆಯವರು ಕೊಟ್ಟದ್ದು ಹಣ, ವನ್ನಿಯ ಮನೆಯವರು ಕೊಟ್ಟದ್ದು ಮಗು. ಯುದ್ಧ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಈ ಎರಡು ಮನೆಗಳ ಉತ್ತರ ಒಂದೇ ತೂಕದ್ದು ಎಂದು ನಾನು ಒಪ್ಪಲಾರೆ.

ರಾಜಕೀಯ ಚಿಂತಕ ಬೆನೆಡಿಕ್ಟ್ ಆ್ಯಂಡರ್ಸನ್ 1992ರಲ್ಲೇ ಈ ಬಗೆಯ ದೂರದ ರಾಷ್ಟ್ರೀಯತೆಯ ಅಪಾಯವನ್ನು ಗುರುತಿಸಿದ್ದರು. ಬೇರೆ ದೇಶದ ಪೌರನಾಗಿ, ಅಲ್ಲಿನ ತೆರಿಗೆ ಕಟ್ಟುತ್ತಾ, ತಾನು ಮತ ಹಾಕದ, ತಾನು ಉತ್ತರ ಕೊಡಬೇಕಿಲ್ಲದ ನೆಲದ ರಾಜಕೀಯವನ್ನು ನಡೆಸುವುದು ಹೊಣೆಯಿಲ್ಲದ ರಾಜಕಾರಣ ಎಂಬುದು ಅವರ ವಾದ. ಲಂಕೆಯಲ್ಲಿ ಇದು ತಮಿಳರಿಗಷ್ಟೇ ಸೀಮಿತವಾಗಿರಲಿಲ್ಲ. ಅಧಿಕಾರ ಹಂಚಿಕೆಯ ಯಾವ ಪ್ರಸ್ತಾವಕ್ಕೂ ಒಪ್ಪದೆ ಸೈನಿಕ ಪರಿಹಾರವೊಂದೇ ದಾರಿ ಎಂದು ಹೊರದೇಶಗಳಿಂದ ಒತ್ತಾಯಿಸುತ್ತಿದ್ದ ಸಿಂಹಳ ವಲಸಿಗರ ಗುಂಪುಗಳೂ ಇದ್ದವು.

ಸುಳ್ಯದ ರಬ್ಬರ್ ತೋಟದವರು

ಕನ್ನಡಿಗರಿಗೆ ಈ ಯುದ್ಧ ಎಂದರೆ ಮೊದಲು ನೆನಪಾಗುವುದು ಕೋಣನಕುಂಟೆ. ಎಲ್‌ಟಿಟಿಇಯವರು ನಡೆಸಿದ ರಾಜೀವ್ ಗಾಂಧಿ ಹತ್ಯೆಯ ನಂತರ 1991ರ ಆಗಸ್ಟ್‌ನಲ್ಲಿ ಆ ಪ್ರಕರಣದ ಆರೋಪಿಗಳಾದ ಶಿವರಾಸನ್, ಶುಭಾ ಸೇರಿ ಏಳು ಮಂದಿ ಬೆಂಗಳೂರಿನ ಹೊರವಲಯದ ಆ ಮನೆಯಲ್ಲಿ ಹೆಣವಾಗಿ ಸಿಕ್ಕಿದ್ದರು. ಆದರೆ ಕರ್ನಾಟಕಕ್ಕೂ ಲಂಕೆಗೂ ಅದಕ್ಕಿಂತ ಹಳೆಯ ನಂಟೊಂದಿದೆ, ಅದು ದಕ್ಷಿಣ ಕನ್ನಡದಲ್ಲಿದೆ.

ಲಂಕೆಯ ಗುಡ್ಡಗಾಡಿನ ಚಹಾ ತೋಟಗಳಿಗೆ ಬ್ರಿಟಿಷರು ತಮಿಳುನಾಡಿನಿಂದ ಕರೆದೊಯ್ದ ಕೂಲಿಕಾರರ ವಂಶದವರನ್ನು 1948ರ ಪೌರತ್ವ ಕಾನೂನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡು ಅವರನ್ನು ಹಂಚಿಕೊಂಡರು. 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಲಂಕೆಗೆ. ಹೀಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳು ಸುಳ್ಯ, ಪುತ್ತೂರು ತಾಲ್ಲೂಕುಗಳ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಯಾದವು. ನಸುಕಿನಲ್ಲೆದ್ದು ಮರದ ತೊಗಟೆ ಗೀರಿ ಹಾಲು ಇಳಿಸುವುದು ಅವರ ಕೆಲಸ. ಜಾತಿ ಪ್ರಮಾಣಪತ್ರಕ್ಕಾಗಿ, ಸ್ವಂತದ್ದೆನ್ನುವ ಒಂದು ಸೂರಿಗಾಗಿ ವರ್ಷಗಟ್ಟಲೆ ಕಚೇರಿ ಅಲೆದವರು ಅವರಲ್ಲಿದ್ದಾರೆ.

ಅವರೂ ಲಂಕೆ ಬಿಟ್ಟವರೇ. ಅವರಿಗೂ ಅಲ್ಲಿ ಆದದ್ದು ಘೋರ ಅನ್ಯಾಯವೇ. ಆದರೆ ಆ ದೇಶದ ಯುದ್ಧದ ಬಗ್ಗೆಯಾಗಲಿ, ಶಾಂತಿಯ ಬಗ್ಗೆಯಾಗಲಿ ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಮಾತುಕತೆಯ ಮೇಜಿಗೆ ಅವರ ಪ್ರತಿನಿಧಿ ಹೋಗಲಿಲ್ಲ. ಹೊರನಾಡಿಗರ ದನಿಗೆ ಬಲ ಬರುವುದು ಅನುಭವಿಸಿದ ನೋವಿನಿಂದಲ್ಲ. ಡಾಲರ್, ಪೌಂಡುಗಳಿಂದ, ಇಂಗ್ಲಿಷಿನಿಂದ, ಬಲಾಢ್ಯ ದೇಶದ ಮತದಾರರ ಪಟ್ಟಿಯಲ್ಲಿರುವ ಹೆಸರಿನಿಂದ ಅದು ಬರುತ್ತದೆ. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಸುಮಾರು 75 ಸಾವಿರ ಮುಸ್ಲಿಮರನ್ನು ಹೊರಗಟ್ಟಿತು. ಜಾಫ್ನಾ ಪಟ್ಟಣದವರಿಗೆ ಕೊಟ್ಟದ್ದು ಕೇವಲ ಎರಡು ಗಂಟೆ. ಅವರಲ್ಲಿ ಹೆಚ್ಚಿನವರು ಪುತ್ತಳಂ ಕಡೆಯ ಶಿಬಿರಗಳಲ್ಲಿ ಬದುಕಿದರು. ಅವರ ಪರವಾಗಿ ಟೊರಾಂಟೊದಲ್ಲಿಯೂ ಲಂಡನ್ನಿನಲ್ಲಿಯೂ ದೊಡ್ಡ ಮೆರವಣಿಗೆ ಹೊರಡಲಿಲ್ಲ. ಹೊರಗಿನಿಂದ ಬರುವ ದನಿಯನ್ನೇ ಊರಿನ ಪೂರ್ತಿ ದನಿ ಎಂದು ಜಗತ್ತು ನಂಬಿದರೆ ಇಂಥವರೆಲ್ಲ ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ.

2009ರ ಆ ತಿಂಗಳುಗಳು

2009ರ ಜನವರಿಯಲ್ಲಿ ಎಲ್‌ಟಿಟಿಇಯ ರಾಜಧಾನಿ ಕಿಳಿನೊಚ್ಚಿ ಸೈನ್ಯದ ವಶವಾಯಿತು. ಲಕ್ಷಾಂತರ ಜನ ಮುಲ್ಲೈತೀವಿನ ಕಡಲಂಚಿಗೆ ಒತ್ತರಿಸಲ್ಪಟ್ಟರು. ಸ್ಯಾಟಲೈಟ್ ಫೋನಿನಲ್ಲಿ ಅಣ್ಣನದೋ ಅಕ್ಕನದೋ ದನಿ ಕೇಳಿಸಿಕೊಂಡ ಹೊರನಾಡ ತಮಿಳರು ಬೀದಿಗಿಳಿದರು. ಏಪ್ರಿಲ್ 6ರಿಂದ ಲಂಡನ್ನಿನ ಸಂಸತ್ತಿನೆದುರು ಎರಡು ತಿಂಗಳಿಗೂ ಹೆಚ್ಚು ಕಾಲ ಧರಣಿ ನಡೆಯಿತು. ಮೇ 10ರಂದು ಟೊರಾಂಟೊದಲ್ಲಿ ಸಾವಿರಾರು ಮಂದಿ, ಮಕ್ಕಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡ ತಾಯಂದಿರೂ ಸೇರಿ, ಗಾರ್ಡಿನರ್ ಎಕ್ಸ್‌ಪ್ರೆಸ್‌ವೇ ಎಂಬ ಹೆದ್ದಾರಿಯ ಮೇಲೆ ಕೂತುಬಿಟ್ಟರು. ಅದಕ್ಕೂ ಮೊದಲು ಫೆಬ್ರುವರಿಯಲ್ಲಿ ಲಂಡನ್ನಿನಿಂದ ಹೋದ ತಮಿಳು ಯುವಕನೊಬ್ಬ ಜಿನೀವಾದ ವಿಶ್ವಸಂಸ್ಥೆಯ ಕಚೇರಿಯೆದುರು ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟಿದ್ದ.

ಯಾವ ಸರ್ಕಾರವೂ ಯುದ್ಧ ನಿಲ್ಲಿಸಲಿಲ್ಲ. ಮೇ 18ರ ಹೊತ್ತಿಗೆ ಮುಳ್ಳಿವಾಯ್ಕಾಲ್‌ನಲ್ಲಿ ಎಲ್ಲವೂ ಮುಗಿಯಿತು. ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ನೇಮಿಸಿದ ತಜ್ಞರ ಸಮಿತಿ 2011ರಲ್ಲಿ ಕೊಟ್ಟ ವರದಿಯ ಪ್ರಕಾರ ಕೊನೆಯ ಹಂತದಲ್ಲಿ ಸತ್ತ ನಾಗರಿಕರು 40 ಸಾವಿರದವರೆಗೆ ಇರಬಹುದು. ಗುಂಡು ಹಾರಿಸುವುದಿಲ್ಲ ಎಂದು ತಾನೇ ಘೋಷಿಸಿದ ವಲಯಗಳ ಮೇಲೆ, ಆಸ್ಪತ್ರೆಗಳ ಮೇಲೆ ಸೈನ್ಯ ಶೆಲ್ ಸುರಿಸಿತ್ತು. ಎಲ್‌ಟಿಟಿಇ ಜನರನ್ನು ಅಡ್ಡ ಹಿಡಿದು, ತಪ್ಪಿಸಿಕೊಳ್ಳಲು ಯತ್ನಿಸಿದವರಿಗೆ ಗುಂಡಿಕ್ಕಿತ್ತು. ಅದೇ ವರದಿ ಇನ್ನೊಂದು ಮಾತನ್ನೂ ಹೇಳಿತು: ದಶಕಗಳ ಕಾಲ ಎಲ್‌ಟಿಟಿಇಯನ್ನು ಪೋಷಿಸಿದ ಹೊರನಾಡಿಗರಲ್ಲಿ ಕೆಲವರು ವನ್ನಿಯ ದುರಂತದಲ್ಲಿ ಅದರ ಪಾತ್ರವನ್ನು ಒಪ್ಪಿಕೊಳ್ಳದಿರುವುದು ನ್ಯಾಯಕ್ಕೂ ಶಾಂತಿಗೂ ಅಡ್ಡಿಯಾಗಿದೆ.

ಆ ಧರಣಿಗಳಲ್ಲಿ ಹಾರಿದ ಬಾವುಟಗಳಲ್ಲಿ ಹುಲಿ ಬಾವುಟಗಳು ಬಹಳ. ‘ಯುದ್ಧ ನಿಲ್ಲಿಸಿ’ ಎಂಬ ಕೂಗು ನ್ಯಾಯವಾದದ್ದೇ. ‘ನಮ್ಮ ಜನರನ್ನು ಬಿಟ್ಟುಬಿಡಿ’ ಎಂದು ಎಲ್‌ಟಿಟಿಇಗೂ ಅಷ್ಟೇ ಗಟ್ಟಿಯಾಗಿ ಅವರು ಕೂಗಿದ್ದರೆ? ಸಂಘಟನೆ ಕಿವಿಗೊಡಬಹುದಾಗಿದ್ದ ದನಿ ಜಗತ್ತಿನಲ್ಲಿ ಯಾವುದಾದರೂ ಇದ್ದಿದ್ದರೆ ಅದು ಇವರದೇ. ಅದರ ಅನ್ನ, ಆಯುಧ ಎರಡೂ ಇವರಿಂದ ಬಂದದ್ದು. ಆ ಬಲವನ್ನು ಜನರನ್ನು ಬಿಡಿಸಲು ಬಳಸದೇ ಹೋದದ್ದು ಈ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ.

ಅದೇ ಜೇಬು, ಬೇರೆ ದಾರಿ

ಅಂಥ ಬಲವನ್ನು ಬೇರೆ ರೀತಿಯಲ್ಲಿ ಬಳಸಬಹುದು ಎಂಬುದಕ್ಕೆ ಐರ್ಲೆಂಡ್ ಸಾಕ್ಷಿ. 1970ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ನೊರೇಡ್ ಎಂಬ ಸಂಸ್ಥೆ ಕೈದಿಗಳ ಕುಟುಂಬಗಳಿಗೆಂದು ಐರಿಷ್ ಅಮೆರಿಕನ್ನರಿಂದ ಹಣ ಎತ್ತುತ್ತಿತ್ತು. ಅದು ಸಶಸ್ತ್ರ ಸಂಘಟನೆ ಐಆರ್‌ಎಯ ಬಂದೂಕಿಗೂ ಹೋಗುತ್ತಿದೆ ಎಂದು ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಆರೋಪಿಸುತ್ತಿದ್ದವು. ಇಪ್ಪತ್ತು ವರ್ಷಗಳ ನಂತರ ಅದೇ ಸಮುದಾಯದ ಬೇರೆ ಕೆಲವರು ಬೇರೆ ದಾರಿ ಹಿಡಿದರು. ಪತ್ರಕರ್ತ ನಿಯಲ್ ಒ’ಡೌಡ್, ಮಾಜಿ ಸಂಸದ ಬ್ರೂಸ್ ಮಾರಿಸನ್, ಉದ್ಯಮಿಗಳಾದ ಚಕ್ ಫೀನಿ ಮತ್ತು ಬಿಲ್ ಫ್ಲಿನ್ ಬೆಲ್‌ಫಾಸ್ಟ್‌ಗೆ ಹೋಗಿ ಎರಡೂ ಪಕ್ಷದವರೊಂದಿಗೆ ಕುಳಿತು ಮಾತಾಡಿದರು. ಐಆರ್‌ಎ ಜೊತೆ ನಂಟಿದ್ದ ಸಿನ್ ಫೇನ್ ಪಕ್ಷದ ನಾಯಕ ಜೆರಿ ಆ್ಯಡಮ್ಸ್‌ಗೆ ವೀಸಾ ಕೊಡುವಂತೆ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಮೇಲೆ ಒತ್ತಡ ತಂದರು. ಬ್ರಿಟನ್ನಿನ ವಿರೋಧದ ನಡುವೆಯೂ 1994ರ ಜನವರಿಯಲ್ಲಿ ವೀಸಾ ಸಿಕ್ಕಿತು. ಆಗಸ್ಟ್ 31ರಂದು ಐಆರ್‌ಎ ಕದನವಿರಾಮ ಘೋಷಿಸಿತು. 1998ರ ಏಪ್ರಿಲ್ 10ರಂದು ಗುಡ್ ಫ್ರೈಡೇ ಶಾಂತಿ ಒಪ್ಪಂದವಾಯಿತು. ಸಿನ್ ಫೇನ್ ವಾಷಿಂಗ್ಟನ್‌ನಲ್ಲಿ ಕಚೇರಿ ತೆರೆದಾಗ ಅದರ ಖರ್ಚನ್ನು ಫೀನಿ ತಮ್ಮ ಕೈಯಿಂದ ಕೊಟ್ಟರು. ಬಂದೂಕಿನ ದಾರಿ ಬಿಟ್ಟು ಬರುವವರಿಗೆ ರಾಜಕೀಯದ ದಾರಿಯಲ್ಲಿ ನಿಲ್ಲಲು ಜಾಗ ಬೇಕು ಎಂಬುದು ಅದರ ಹಿಂದಿದ್ದ ತಿಳಿವಳಿಕೆ.

ಕೊಸೊವೊದಲ್ಲಿ ಪಯಣ ತಿರುಗುಮುರುಗಾಯಿತು. 1990ರ ದಶಕದ ಆರಂಭದಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್‌ನಲ್ಲಿ ದುಡಿಯುತ್ತಿದ್ದ ಕೊಸೊವೊದ ಅಲ್ಬೇನಿಯನ್ನರು ಸಂಪಾದನೆಯ ಶೇ 3ರಷ್ಟನ್ನು ಊರಿಗೆ ಕಳಿಸುತ್ತಿದ್ದರು. ಸರ್ಬಿಯಾ ಅವರ ಜನರನ್ನು ಶಾಲೆಗಳಿಂದ ಹೊರಹಾಕಿದ್ದಾಗ, ಮನೆಗಳಲ್ಲೇ ನಡೆಯುತ್ತಿದ್ದ ಪರ್ಯಾಯ ಶಾಲೆಗಳ ಮೇಷ್ಟರಿಗೆ ಸಂಬಳ ಹೋಗುತ್ತಿದ್ದುದು ಅದರಿಂದ. 1995ರಲ್ಲಿ ಬೋಸ್ನಿಯಾದ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದದಲ್ಲಿ, ಅಹಿಂಸೆಯಿಂದ ಕಾದಿದ್ದ ಕೊಸೊವೊದ ಹೆಸರೇ ಬರಲಿಲ್ಲ. ಹೊರನಾಡಿಗರ ವಂತಿಗೆ ನಿಧಾನವಾಗಿ ಶಾಲೆಯಿಂದ ಸಶಸ್ತ್ರ ಪಡೆಯ ಕಡೆಗೆ ಹರಿಯಿತು. ಶಾಂತಿಯಿಂದ ಕೇಳಿದವರಿಗೆ ಏನೂ ಸಿಗದಿದ್ದರೆ ಹಣ ಬಂದೂಕಿನವರ ಕಡೆ ಹೋಗುತ್ತದೆ. ಇದರ ಹೊಣೆ ವಲಸಿಗರ ಮೇಲಷ್ಟೇ ಅಲ್ಲ, ಕಿವಿಗೊಡದ ಜಗತ್ತಿನ ಮೇಲೂ ಇದೆ.

ಭಾರತೀಯರಿಗೂ ಇದರ ಬಿಸಿ ತಟ್ಟಿದೆ. ಕೆನಡಾದಲ್ಲಿ ನೆಲೆಸಿದ್ದ ಖಾಲಿಸ್ತಾನಿ ಉಗ್ರರು ಇಟ್ಟ ಬಾಂಬಿನಿಂದ 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಐರ್ಲೆಂಡ್ ಬಳಿಯ ಕಡಲಿಗೆ ಬಿತ್ತು, 329 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಭಾರತೀಯ ಮೂಲದ ಕೆನಡಾ ಪ್ರಜೆಗಳು. ಆ ಸಾವುಗಳನ್ನು ತನ್ನ ಜನರ ಸಾವು ಎಂದು ಪೂರ್ತಿ ಮನಸ್ಸಿನಿಂದ ಒಪ್ಪಿಕೊಳ್ಳಲು ಕೆನಡಾಕ್ಕೇ ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಈಗಿನ ಲೆಕ್ಕ

ಲಂಕೆಯ ಯುದ್ಧ ಮುಗಿದ ಮೇಲೆ ಹೊರನಾಡ ತಮಿಳರ ಕೆಲಸದ ಸ್ವರೂಪ ಬದಲಾಯಿತು. ಆಯುಧದ ಜಾಗಕ್ಕೆ ಅರ್ಜಿ, ಸಾಕ್ಷ್ಯ, ವಕೀಲರು ಬಂದರು. 2012ರಿಂದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಶ್ರೀಲಂಕಾದ ಹೊಣೆಗಾರಿಕೆಯ ಬಗ್ಗೆ ಸರಣಿಯಾಗಿ ಬಂದ ನಿರ್ಣಯಗಳ ಹಿಂದೆ ಅವರ ಪಟ್ಟುಬಿಡದ ಓಡಾಟವಿದೆ. 2023ರ ಜನವರಿಯಲ್ಲಿ ಕೆನಡಾ ಮಾಜಿ ಅಧ್ಯಕ್ಷರಾದ ಮಹಿಂದಾ ಮತ್ತು ಗೋಟಬಯ ರಾಜಪಕ್ಸ ಅವರ ಮೇಲೆ ನಿರ್ಬಂಧ ಹೇರಿತು. 2025ರ ಮಾರ್ಚ್‌ನಲ್ಲಿ ಬ್ರಿಟನ್ ಮೂವರು ಮಾಜಿ ಸೇನಾಧಿಕಾರಿಗಳ ಜೊತೆ, ಎಲ್‌ಟಿಟಿಇ ಕಮಾಂಡರ್ ಆಗಿದ್ದು ಆಮೇಲೆ ಸರ್ಕಾರದ ಪಾಳಯ ಸೇರಿದ ಕರುಣಾನ ಮೇಲೂ ನಿರ್ಬಂಧ ಹೇರಿತು. ಜಾಫ್ನಾ ವಿಶ್ವವಿದ್ಯಾಲಯದಲ್ಲಿದ್ದ ಮುಳ್ಳಿವಾಯ್ಕಾಲ್ ಸ್ಮಾರಕವನ್ನು 2021ರ ಜನವರಿ 8ರ ರಾತ್ರಿ ಬುಲ್ಡೋಜರ್ ತಂದು ಕೆಡವಿದಾಗ ಹೊರಗೂ ಒಳಗೂ ಎದ್ದ ಪ್ರತಿಭಟನೆಯಿಂದಾಗಿ ಕೆಲವೇ ತಿಂಗಳಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. ಊರಿನವರು ಅಳಲೂ ಹೆದರುತ್ತಿದ್ದ ವರ್ಷಗಳಲ್ಲಿ ಅವರ ಪರವಾಗಿ ಗಟ್ಟಿಯಾಗಿ ಅತ್ತವರು, ಸತ್ತವರ ಹೆಸರು ಬರೆದಿಟ್ಟವರು ಹೊರನಾಡಿನವರು. ಈ ಋಣ ಸಣ್ಣದಲ್ಲ.

ಆದರೆ ಹಳೆಯ ಅಂತರವೂ ಹಾಗೆಯೇ ಉಳಿದಿದೆ. ಯುದ್ಧ ಮುಗಿದ ಕೂಡಲೇ ಹೊರದೇಶಗಳಲ್ಲಿ ನಡೆಸಿದ ಜನಮತದಲ್ಲಿ, ಮತ ಹಾಕಿದವರ ಪೈಕಿ ಶೇ 99ರ ಆಸುಪಾಸು ಮಂದಿ ಪ್ರತ್ಯೇಕ ಈಳಂಗೆ ಹೌದು ಎಂದರು. 2024ರ ನವೆಂಬರ್‌ನಲ್ಲಿ ಜಾಫ್ನಾ ಜಿಲ್ಲೆಯ ಮತದಾರರು ತಮ್ಮ ಆರು ಸಂಸತ್ ಸ್ಥಾನಗಳಲ್ಲಿ ಮೂರನ್ನು ಅಧ್ಯಕ್ಷ ಅನುರ ಕುಮಾರ ದಿಸ್ಸನಾಯಕೆಯವರ ಎನ್‌ಪಿಪಿಗೆ, ದಕ್ಷಿಣದ ಸಿಂಹಳ ನಾಯಕತ್ವದ ಪಕ್ಷಕ್ಕೆ ಕೊಟ್ಟರು. ತಮ್ಮ ಹಕ್ಕಿನ ಪ್ರಶ್ನೆ ಮುಗಿಯಿತು ಎಂದು ಅವರು ಹೇಳಿದ್ದಾರೆಂದು ತಿಳಿಯಬೇಕಿಲ್ಲ. ಸೈನ್ಯ ಹಿಡಿದಿಟ್ಟುಕೊಂಡ ಹೊಲ ವಾಪಸ್ ಬೇಕು, ಕೆಲಸ ಬೇಕು, ಮೀನು ಹಿಡಿಯಲು ಕಡಲು ಬೇಕು. ಕಿಳಿನೊಚ್ಚಿಯ ರಸ್ತೆ ಬದಿಯಲ್ಲಿ 2017ರ ಫೆಬ್ರುವರಿಯಲ್ಲಿ ಧರಣಿ ಕೂತ ತಾಯಂದಿರಿಗೆ, ಸೈನ್ಯಕ್ಕೆ ಶರಣಾದ ಮಗ ಎಲ್ಲಿ ಹೋದ ಎಂಬುದಕ್ಕೆ ಉತ್ತರ ಬೇಕು. ಹಾಗೆ ಕೂತವರಲ್ಲಿ ಅನೇಕರು ಉತ್ತರ ಸಿಗುವ ಮೊದಲೇ ತೀರಿಕೊಂಡಿದ್ದಾರೆ.

2023ರಲ್ಲಿ ಹೊರನಾಡಿನ ಸಂಘಟನೆಯಾದ ಜಾಗತಿಕ ತಮಿಳು ವೇದಿಕೆಯವರು ನೇಪಾಳದ ನಗರಕೋಟದಲ್ಲಿ ಬೌದ್ಧ ಭಿಕ್ಷುಗಳೊಂದಿಗೆ ಕೂತು ‘ಹಿಮಾಲಯ ಘೋಷಣೆ’ಯನ್ನು ಸಿದ್ಧಪಡಿಸಿದರು. ಒಂದೇ ದೇಶದೊಳಗೆ ಅಧಿಕಾರ ಹಂಚಿಕೆ ಅದರ ತಿರುಳು. ಅನೇಕ ಹೊರನಾಡ ಸಂಘಟನೆಗಳು ಅದನ್ನು ದ್ರೋಹ ಎಂದವು. ಊರಿನಲ್ಲಿ ನೊಂದವರೂ ತಮ್ಮನ್ನು ಕೇಳದೆ ಮಾಡಿದ್ದು ಏಕೆ ಎಂದು ಪ್ರಶ್ನಿಸಿದರು. ಈ ಎರಡನೆಯ ಪ್ರಶ್ನೆ ನನಗೆ ಮುಖ್ಯವಾಗಿ ಕಾಣುತ್ತದೆ. ಶಾಂತಿಯ ಒಪ್ಪಂದವನ್ನೂ ಊರಿನವರನ್ನು ಬಿಟ್ಟು ಹೊರಗಡೆ ಬರೆಯುವಂತಿಲ್ಲ.

ಹೊರನಾಡಿನವರು ಸುಮ್ಮನಿರಬೇಕು ಎಂದು ಕೇಳುವುದು ಕ್ರೂರ. ತಾಯಿ ಅಲ್ಲಿರುವಾಗ ಮಗ ಸುಮ್ಮನಿರಲಾರ. ಹಾಗೆ ಕೇಳುವುದು ಕೊಂದವರಿಗೆ ಮಾತ್ರ ಅನುಕೂಲ. ಕೇಳಬೇಕಾದದ್ದು ಇಷ್ಟು: ಕಳಿಸುವ ಹಣ ಯಾರ ಕೈ ಸೇರುತ್ತದೆ ಎಂದು ವಿಚಾರಿಸಿ ಕಳಿಸಲಿ. ಎದುರಾಳಿಯ ಕೊಲೆಗಳನ್ನು ಬರೆದಿಡುವಷ್ಟೇ ನಿಷ್ಠೆಯಿಂದ ತಮ್ಮವರ ಕೊಲೆಗಳನ್ನೂ ಬರೆದಿಡಲಿ, ರಜನಿ ಮಾಡಿದಂತೆ. ತಮ್ಮ ಸಭೆಗಳಲ್ಲಿ ಬೇರೆ ಮಾತಾಡುವವನಿಗೆ ಮೈಕು ಕೊಡಲಿ. ನ್ಯಾಯ ಕೇಳುವ ಹಕ್ಕು ಭೂಮಿಯ ಯಾವ ಮೂಲೆಯಲ್ಲಿ ನಿಂತವರಿಗೂ ಇದೆ. ಯುದ್ಧ ಮಾಡಿ ಎಂದು ಹೇಳುವ ಹಕ್ಕು, ತನ್ನ ಮಗುವನ್ನು ಆ ಯುದ್ಧದಿಂದ ದೂರ ಇಟ್ಟವರಿಗೆ ಇಲ್ಲ.

ಇಂದು ಸುಡಾನಿನವರು, ಮ್ಯಾನ್ಮಾರಿನವರು, ಉಕ್ರೇನಿನವರು, ಪ್ಯಾಲೆಸ್ಟೀನಿನವರು ಜಗತ್ತಿನ ನಗರಗಳಲ್ಲಿ ಹೊಸದಾಗಿ ನೆಲೆ ಹುಡುಕುತ್ತಿದ್ದಾರೆ. ಅವರ ಕೈಯಲ್ಲೂ ಫೋನಿದೆ, ಜೇಬಿನಲ್ಲಿ ನಾಲ್ಕು ಕಾಸಿದೆ, ಎದೆಯಲ್ಲಿ ಸುಟ್ಟ ಮನೆಯಿದೆ. ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಅವರ ಸಂಘಗಳು ಶಾಲೆ ಕಟ್ಟುತ್ತವೆಯೋ ಶಸ್ತ್ರ ಕೊಳ್ಳುತ್ತವೆಯೋ ಎಂಬುದು ಅವರೊಬ್ಬರ ಕೈಯಲ್ಲಿಲ್ಲ. ಅವರು ಶಾಂತಿಯಿಂದ ಕೇಳುವಾಗಲೇ ಜಗತ್ತು ಕೇಳಿಸಿಕೊಳ್ಳಬೇಕು. ಆಶ್ರಯ ಕೊಟ್ಟ ದೇಶಗಳು ಅವರನ್ನು ವಸೂಲಿಗಾರರ ಬೆದರಿಕೆಯಿಂದ ಕಾಪಾಡಬೇಕು, ಅವರ ಅಳಲಿಗೆ ಸಂಸತ್ತಿನಲ್ಲೂ ನ್ಯಾಯಾಲಯದಲ್ಲೂ ಜಾಗ ಕೊಡಬೇಕು. ಲಂಕೆಯ ತಮಿಳರ ಪಾಲಿಗೆ ಈ ಕೆಲಸಗಳು ಆಗಿದ್ದು ಹೆಣಗಳು ಬಿದ್ದ ಮೇಲೆ. ಇನ್ನೊಂದು ಸಮುದಾಯದ ವಿಷಯದಲ್ಲಿ ಅಷ್ಟು ತಡ ಮಾಡಲು ನಮಗೆ ಯಾವ ನೆಪವೂ ಉಳಿದಿಲ್ಲ.